ಬೆನ್ನುಮೂಳೆಯ ಗಡ್ಡೆ: ಸಣ್ಣ ರಂಧ್ರವೋ, ತೆರೆದ ಆಪರೇಷನ್ನೋ, ಬರೀ ರೇಡಿಯೇಷನ್ನೋ?

"ಒಬ್ಬ ಡಾಕ್ಟರು ಸಣ್ಣ ರಂಧ್ರದಲ್ಲೇ ತೆಗೆಯಬಹುದು ಅಂದರು. ಇನ್ನೊಬ್ಬರು ಬೆನ್ನು ತೆರೆಯಲೇಬೇಕು ಅಂದರು. ಮೂರನೆಯವರು ಆಪರೇಷನ್ನೇ ಬೇಡ, ರೇಡಿಯೇಷನ್ ಸಾಕು ಅಂದರು. ಈಗ ಯಾರ ಮಾತು ಕೇಳೋದು?"

ಊರು, ವಯಸ್ಸು, ಗಡ್ಡೆಯ ಹೆಸರು ಬದಲಾಗುತ್ತವೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಇದೇ ಇರುತ್ತದೆ. ಕೇಳುವವರಿಗೆ ಡಾಕ್ಟರುಗಳು ಜಗಳವಾಡುತ್ತಿದ್ದಾರೆ ಅನಿಸುತ್ತದೆ. ಎಷ್ಟೋ ಸಲ ಹಾಗೇನೂ ಇರುವುದಿಲ್ಲ. ಒಬ್ಬರು ಗಡ್ಡೆಯನ್ನು ನೋಡಿ ಹೇಳಿರುತ್ತಾರೆ, ಇನ್ನೊಬ್ಬರು ಸವೆದ ಮೂಳೆಯನ್ನು ನೋಡಿ, ಮತ್ತೊಬ್ಬರು ಇಡೀ ಮೈಯ ಕ್ಯಾನ್ಸರ್ ನೋಡಿ. ಹಾಗಾಗಿ ಚರ್ಮದ ಮೇಲಿನ ಗಾಯ ಎಷ್ಟುದ್ದ ಅನ್ನುವುದನ್ನು ಕೊನೆಗೆ ಕೇಳಬೇಕು. ನಾವೆಲ್ಲ ಅದನ್ನೇ ಮೊದಲು ಕೇಳುತ್ತೇವೆ. ನಾನೂ ಹಾಗೇ ಮಾಡಿದ್ದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಕಾಲಿನ ಬಲ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ಕೂರುವ ಜಾಗದಲ್ಲಿ ಸ್ಪರ್ಶವೇ ತಿಳಿಯದಿದ್ದರೆ, ಈ ಲೇಖನ ಓದುತ್ತಾ ಕೂರಬೇಡಿ. ಬೆನ್ನುಹುರಿ ಒತ್ತಿಕೊಂಡಾಗ ಗಂಟೆಗಳ ಲೆಕ್ಕ ಮುಖ್ಯ. ನಡೆಯುತ್ತಾ ಆಸ್ಪತ್ರೆಗೆ ಬಂದವರು ಆಮೇಲೂ ನಡೆಯುವ ಸಾಧ್ಯತೆ ಜಾಸ್ತಿ. ಕಾಲು ಪೂರ್ತಿ ಬಿದ್ದ ಮೇಲೆ ಬಂದವರಿಗೆ ಆ ಸಾಧ್ಯತೆ ತುಂಬಾ ಕಡಿಮೆ. ಇಂಥ ಹೊತ್ತಿನಲ್ಲಿ ಹೋಲಿಕೆ ಮಾಡಲು ಸಮಯವಿಲ್ಲ, ಎಮರ್ಜೆನ್ಸಿಗೆ ಹೋಗಬೇಕು.

ಮೊದಲು ತಿಳಿದುಕೊಳ್ಳಬೇಕಾದದ್ದು

ಗಡ್ಡೆ ಯಾವ ಕೋಣೆಯಲ್ಲಿದೆ? ಬೆನ್ನುಮೂಳೆ ಅಂದರೆ ಒಂದರ ಮೇಲೊಂದು ಪೇರಿಸಿದ ಮಣಿಗಳು. ಮಣಿಗಳ ಹಿಂಬದಿಯಲ್ಲೊಂದು ಕೊಳವೆಯಂಥ ದಾರಿ. ಆ ದಾರಿಯಲ್ಲಿ ಡ್ಯೂರಾ ಅನ್ನುವ ಪೊರೆಯ ಚೀಲ, ಚೀಲದೊಳಗೆ ನೀರು, ನೀರಿನಲ್ಲಿ ಬೆನ್ನುಹುರಿ. ಗಡ್ಡೆ ಪೊರೆಯ ಹೊರಗೆ ಮೂಳೆಯಲ್ಲಿರಬಹುದು, ಪೊರೆಯ ಒಳಗೆ ಹುರಿಯ ಪಕ್ಕದಲ್ಲಿರಬಹುದು, ಹುರಿಯ ಒಳಗೇ ಇರಬಹುದು. ಮೂಳೆಯಲ್ಲಿ ಇರುವವು ಬಹುಪಾಲು ಬೇರೆ ಕಡೆಯಿಂದ ಬಂದ ಕ್ಯಾನ್ಸರ್: ಶ್ವಾಸಕೋಶ, ಸ್ತನ, ಪ್ರಾಸ್ಟೇಟ್, ಕಿಡ್ನಿ, ಥೈರಾಯ್ಡ್. ಪೊರೆಯೊಳಗೆ, ಹುರಿಯ ಪಕ್ಕದಲ್ಲಿ ಇರುವವು ಹೆಚ್ಚಾಗಿ ಮೆನಿಂಜಿಯೋಮಾ ಅಥವಾ ಶ್ವಾನೋಮಾ, ಬಹುತೇಕ ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಹುರಿಯೊಳಗಿನವು ಎಪೆಂಡಿಮೋಮಾ, ಆಸ್ಟ್ರೋಸೈಟೋಮಾ ಇತ್ಯಾದಿ. ಮೂರಕ್ಕೂ "ಬೆನ್ನಿನ ಗಡ್ಡೆ" ಅನ್ನುವ ಒಂದೇ ಹೆಸರು ಹೇಳುವುದರಿಂದಲೇ ಅರ್ಧ ಗೊಂದಲ. ಪಕ್ಕದ ಮನೆಯವರಿಗೆ ಆದದ್ದು ನಿಮಗೂ ಆಗಬೇಕೆಂದಿಲ್ಲ.

ಅದು ಎಂಥ ಗಡ್ಡೆ? ರೇಡಿಯೇಷನ್‌ಗೆ ಬೆಣ್ಣೆಯಂತೆ ಕರಗುವವೂ ಇವೆ, ಲಿಂಫೋಮಾ, ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗಳ ಹಾಗೆ. ಮಾಮೂಲಿ ರೇಡಿಯೇಷನ್‌ಗೆ ಜಗ್ಗದವೂ ಇವೆ, ಕಿಡ್ನಿ ಕ್ಯಾನ್ಸರ್ ಮತ್ತು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಹಾಗೆ.

ಹುರಿ ಎಷ್ಟು ಒತ್ತಿಕೊಂಡಿದೆ? ಇದಕ್ಕೆ ಉತ್ತರ ಎಂಆರ್‌ಐನಲ್ಲಿದೆ. ಹುರಿಯ ಸುತ್ತ ಬಿಳಿ ನೀರಿನ ಗೆರೆ ಇನ್ನೂ ಕಾಣುತ್ತಿದೆಯೋ, ಅಳಿಸಿಹೋಗಿದೆಯೋ ಅಂತ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ನಮ್ಮ ಕಣ್ಣಿಗೂ ಕಾಣುತ್ತದೆ.

ಮೂಳೆ ಭಾರ ತಡೆಯುತ್ತದೆಯೇ? ಜನ ಮರೆಯುವುದು ಇದನ್ನೇ. ರಾತ್ರಿ ಮಲಗಿದಾಗ ಜಾಸ್ತಿಯಾಗುವ ನೋವು ಸಾಮಾನ್ಯವಾಗಿ ಗಡ್ಡೆಯ ನೋವು. ಎದ್ದು ಕೂತಾಗ, ನಿಂತಾಗ ಚುಚ್ಚಿ, ಮಲಗಿದರೆ ತಣ್ಣಗಾಗುವ ನೋವು ಮೂಳೆ ಕುಸಿಯುತ್ತಿರುವ ಲಕ್ಷಣ. ಎರಡನೆಯದಕ್ಕೆ ರೇಡಿಯೇಷನ್ ಎಷ್ಟು ಕೊಟ್ಟರೂ ಆಧಾರ ಸಿಗುವುದಿಲ್ಲ. ಇದನ್ನು ಅಳೆಯಲು 2010ರಲ್ಲಿ ಬಂದ ಸಿನ್ಸ್ ಎಂಬ ಅಂಕಪಟ್ಟಿ ಇದೆ. 0ಯಿಂದ 18ರವರೆಗೆ ಅಂಕ. 6ರವರೆಗೆ ಮೂಳೆ ಗಟ್ಟಿ, 7ರಿಂದ 12 ಅನುಮಾನ, 13 ಅಥವಾ ಅದಕ್ಕಿಂತ ಹೆಚ್ಚಾದರೆ ಅಲುಗಾಡುತ್ತಿದೆ ಅಂತ ಲೆಕ್ಕ. "ಸಿನ್ಸ್ ಎಷ್ಟು ಬಂತು?" ಅಂತ ಕೇಳಿ ನೋಡಿ. ಉತ್ತರಕ್ಕಿಂತ ಉತ್ತರ ಹೇಳುವ ರೀತಿ ಹೆಚ್ಚು ತಿಳಿಸುತ್ತದೆ.

ಕೊನೆಯದು, ಮನುಷ್ಯ. ವಯಸ್ಸು, ಹೃದಯ, ರಕ್ತದ ಎಣಿಕೆ, ಮುಂದೆ ಕೀಮೋ ಇದೆಯೇ, ಎಷ್ಟು ದಿನದೊಳಗೆ ಶುರುವಾಗಬೇಕು.

ಏನೂ ಮಾಡದೆ ಕಾಯುವುದು

ಇದೂ ಒಂದು ಆಯ್ಕೆಯೇ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಮಣಿಯೊಳಗೆ ಹೆಮಾಂಜಿಯೋಮಾ ಅನ್ನುವ ರಕ್ತನಾಳದ ಗಂಟು ಸಿಗುವುದು ತೀರಾ ಸಾಮಾನ್ಯ. ಬಹುತೇಕರಿಗೆ ಅದು ಜೀವಮಾನವಿಡೀ ತೊಂದರೆ ಕೊಡುವುದಿಲ್ಲ. ಲಕ್ಷಣವಿಲ್ಲದ ಸಣ್ಣ ಶ್ವಾನೋಮಾವನ್ನೂ ಆಗಾಗ ಎಂಆರ್‌ಐ ಮಾಡಿಸುತ್ತಾ ನೋಡಿಕೊಳ್ಳಬಹುದು. ಇಂಥವಕ್ಕೆ "ಸಣ್ಣ ರಂಧ್ರ ತಾನೇ, ತೆಗೆಸಿಬಿಡೋಣ" ಅನ್ನುವುದು ಸುಮ್ನೆ ಅಪಾಯ ತಂದುಕೊಂಡ ಹಾಗೆ.

ಸೂಜಿಯ ಚಿಕಿತ್ಸೆಗಳು

ಬೋರಲು ಮಲಗಿಸಿ, ಎಕ್ಸ್‌ರೇ ನೋಡುತ್ತಾ, ದಪ್ಪ ಸೂಜಿಯನ್ನು ಮಣಿಯೊಳಗೆ ಇಳಿಸಿ, ಟೂತ್‌ಪೇಸ್ಟಿನ ಹದದ ಸಿಮೆಂಟ್ ತುಂಬುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ. ಇದು ವರ್ಟಿಬ್ರೋಪ್ಲಾಸ್ಟಿ. ಮೊದಲು ಮಾಡಿದ್ದು 1984ರಲ್ಲಿ ಫ್ರಾನ್ಸಿನಲ್ಲಿ, ಕುತ್ತಿಗೆಯ ಮಣಿಯನ್ನು ತಿನ್ನುತ್ತಿದ್ದ ಒಂದು ಹೆಮಾಂಜಿಯೋಮಾಕ್ಕೆ. ಸಿಮೆಂಟಿಗೆ ಮುಂಚೆ ಬಲೂನು ಊದಿ ಜಾಗ ಮಾಡಿದರೆ ಕೈಫೋಪ್ಲಾಸ್ಟಿ. ಬಲೂನಿನ ಖರ್ಚು ಹೆಚ್ಚು.

ಕ್ಯಾನ್ಸರ್‌ನಿಂದ ಮಣಿ ಕುಸಿದು ಏಳಲಾಗದ ನೋವಿರುವವರಿಗೆ ಇದು ದೊಡ್ಡ ಉಪಕಾರ. 2011ರಲ್ಲಿ ಪ್ರಕಟವಾದ 134 ರೋಗಿಗಳ ಅಧ್ಯಯನದಲ್ಲಿ ಬಲೂನು ಚಿಕಿತ್ಸೆ ಪಡೆದವರ ಅಶಕ್ತತೆಯ ಅಂಕ, 24ಕ್ಕೆ, ಒಂದೇ ತಿಂಗಳಲ್ಲಿ 17.6ರಿಂದ 9.1ಕ್ಕೆ ಇಳಿಯಿತು. ಮಾತ್ರೆ, ಬೆಲ್ಟಿನಂಥ ಆರೈಕೆಯಲ್ಲಿದ್ದವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು. ಅನೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಎಲ್ಲ ಸಲವೂ ಪೂರ್ತಿ ಅನಸ್ತೇಶಿಯ ಬೇಕಾಗುವುದಿಲ್ಲ.

ಆದರೆ ಸಿಮೆಂಟು ಗಡ್ಡೆಯನ್ನು ತೆಗೆಯುವುದಿಲ್ಲ, ಹುರಿಯ ಮೇಲಿನ ಒತ್ತಡವನ್ನೂ ಇಳಿಸುವುದಿಲ್ಲ. ಮಣಿಯ ಹಿಂಗೋಡೆ ಒಡೆದಿದ್ದರೆ ಸಿಮೆಂಟು ಹುರಿಯ ಕಡೆ ಸೋರುವ ಭಯ ಇದೆ. ಅಪರೂಪಕ್ಕೆ ರಕ್ತನಾಳದ ಮೂಲಕ ಶ್ವಾಸಕೋಶಕ್ಕೂ ಹೋಗುತ್ತದೆ.

ಸೂಜಿಯಲ್ಲೇ ಗಡ್ಡೆಯನ್ನು ಸುಡುವ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆಯೂ ಇದೆ. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ, ಹುಡುಗರಲ್ಲಿ ರಾತ್ರಿ ನೋವು ಕೊಡುವ ಪುಟ್ಟ ಗಡ್ಡೆಗೆ ಇದರಷ್ಟು ಚೊಕ್ಕ ಚಿಕಿತ್ಸೆ ಬೇರೆ ಇಲ್ಲ ಅನ್ನಬಹುದು. ಹುರಿಗೋ ನರಕ್ಕೋ ತೀರಾ ಹತ್ತಿರವಿದ್ದರೆ ಮಾತ್ರ ಬಿಸಿ ತಾಗುವ ಚಿಂತೆ.

ಕೊಳವೆಯೊಳಗಿನ ಆಪರೇಷನ್

ಜನ "ಕೀಹೋಲ್" ಅನ್ನುವುದು ಸಾಮಾನ್ಯವಾಗಿ ಇದಕ್ಕೆ. ಬೆನ್ನಿನ ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, ಎರಡು ಮೂರು ಸೆಂಟಿಮೀಟರ್ ಕೊಯ್ಯುತ್ತಾರೆ. ಪೆನ್ಸಿಲಿಗಿಂತ ತೆಳ್ಳಗಿನ ಕಡ್ಡಿಯೊಂದನ್ನು ಸ್ನಾಯುವಿನ ನಡುವೆ ಮೂಳೆಯವರೆಗೆ ಇಳಿಸುತ್ತಾರೆ. ಅದರ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು. ಎತ್ತರದ ಹುಲ್ಲನ್ನು ಕೊಯ್ಯದೆ ಕೈಯಿಂದ ಸರಿಸಿ ದಾರಿ ಮಾಡಿದ ಹಾಗೆ ಸ್ನಾಯು ಸರಿಯುತ್ತಾ ಹೋಗುತ್ತದೆ. ಕೊನೆಗೆ ಸುಮಾರು ಎರಡು ಸೆಂಟಿಮೀಟರ್ ಅಗಲದ ಕೊಳವೆ ಕೂರುತ್ತದೆ. ಒಳಗಿನ ಕಡ್ಡಿಗಳನ್ನೆಲ್ಲ ಎಳೆದು ತೆಗೆದು, ಕೊಳವೆಯನ್ನು ಟೇಬಲ್ಲಿಗೆ ಬಿಗಿದು, ಮೈಕ್ರೋಸ್ಕೋಪ್ ತರುತ್ತಾರೆ. 1997ರಲ್ಲಿ ಡಿಸ್ಕ್ ಆಪರೇಷನ್ನಿಗೆಂದು ಬಂದ ಈ ವಿಧಾನ ಆಮೇಲೆ ಗಡ್ಡೆಗಳಿಗೂ ಬಂತು.

ನನ್ನ ಅಕ್ಕನಿಗೆ ಆದದ್ದು ಇದೇ. ಎಂಟು ತಿಂಗಳು "ಡಿಸ್ಕ್" ಅಂತ ಮಾತ್ರೆ ನುಂಗಿದ್ದಳು. ಕಾಲು ಜೋಮು ಅಂದಾಗ ಸೊಂಟದ ಎಂಆರ್‌ಐ ಮಾತ್ರ ಮಾಡಿದ್ದರು, ಅದರಲ್ಲಿ ಏನೂ ಸಿಗಲಿಲ್ಲ. ಗಡ್ಡೆ ಇದ್ದದ್ದು ಎದೆಯ ಹಿಂದಿನ ಮಣಿಗಳ ಹತ್ತಿರ. ಬೆನ್ನುಹುರಿ ಸೊಂಟದ ಮೊದಲೆರಡು ಮಣಿಗಳ ಹತ್ತಿರವೇ ಮುಗಿಯುತ್ತದೆ, ಕಾಲಿನ ತೊಂದರೆಯ ಬೇರು ಅದಕ್ಕಿಂತ ತುಂಬಾ ಮೇಲೂ ಇರಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಇಡೀ ಬೆನ್ನಿನ ಎಂಆರ್‌ಐ ಮಾಡಿದಾಗ ಮೆನಿಂಜಿಯೋಮಾ ಕಂಡಿತು. ಹೆಂಗಸರಲ್ಲಿ, ಅದೂ ಎದೆಯ ಭಾಗದಲ್ಲಿ, ಅದು ಹೆಚ್ಚು ಕಾಣಿಸಿಕೊಳ್ಳುತ್ತದಂತೆ. ಕೊಳವೆಯಲ್ಲೇ ತೆಗೆದರು. ಮರುದಿನ ಎದ್ದು ಕೂತಳು. ಗಾಯ ನನ್ನ ಹೆಬ್ಬೆರಳಿಗಿಂತ ಚಿಕ್ಕದು. ಆದರೆ ಕಾಲಿನ ಜೋಮು ಹೋಗಲು ತಿಂಗಳುಗಳೇ ಬೇಕಾದವು. ಹುರಿ ಎಷ್ಟು ದಿನ ಒತ್ತಿಕೊಂಡಿತ್ತೋ ಅದರ ಲೆಕ್ಕ ಬೇರೆ, ಗಾಯದ ಉದ್ದದ ಲೆಕ್ಕ ಬೇರೆ.

ಲಾಭ ಎಲ್ಲಿದೆ ಅಂದರೆ, ಸ್ನಾಯುವನ್ನು ಮೂಳೆಯಿಂದ ಬಿಡಿಸುವುದಿಲ್ಲ, ಮೂಳೆಯನ್ನೂ ಒಂದೇ ಪಕ್ಕ ಸ್ವಲ್ಪ ಕೊರೆಯುತ್ತಾರೆ. ಹಾಗಾಗಿ ರಕ್ತ ಕಡಿಮೆ ಹೋಗುತ್ತದೆ, ಆಸ್ಪತ್ರೆಯ ದಿನಗಳು ಕಡಿಮೆ, ಬೆನ್ನು ಮುಂದೆ ಬಾಗುವ ಭಯವೂ ಕಡಿಮೆ. ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಪೊರೆಯೊಳಗಿನ ನೀರು ಸೋರಿದರೆ ತೆರೆದ ಗಾಯದಲ್ಲಿ ಅದು ನಿಲ್ಲಲು ದೊಡ್ಡ ಗುಂಡಿ ಇರುತ್ತದೆ. ಕೊಳವೆ ತೆಗೆದ ತಕ್ಷಣ ಸ್ನಾಯು ತಾನೇ ಕೂಡಿಕೊಳ್ಳುವುದರಿಂದ ಇಲ್ಲಿ ಅಂಥ ಜಾಗವಿಲ್ಲ.

ನಷ್ಟವೂ ಅಲ್ಲೇ ಇದೆ. ಪೊರೆಯನ್ನು ಮತ್ತೆ ಹೊಲಿಯುವುದು ಕಿರುಬಾಯಿಯ ಹೂಜಿಯ ತಳದಲ್ಲಿ ಹೊಲಿಗೆ ಹಾಕಿದ ಹಾಗೆ. ಉದ್ದ ಕತ್ತಿನ ಉಪಕರಣ ಬೇಕು, ಪಳಗಿದ ಕೈ ಬೇಕು. ಆಗಾಗ ಎಕ್ಸ್‌ರೇ ತೆಗೆಯುವುದರಿಂದ ಕಿರಣವೂ ಸ್ವಲ್ಪ ಜಾಸ್ತಿ. ಗಡ್ಡೆ ಒಂದೆರಡು ಮಣಿಗಳ ಉದ್ದದೊಳಗೆ, ಹುರಿಯ ಪಕ್ಕಕ್ಕೋ ಹಿಂದಕ್ಕೋ ಇದ್ದರೆ ಸರಿ. ನಾಲ್ಕೈದು ಮಣಿ ಉದ್ದವಿದ್ದರೆ, ಹುರಿಯ ನೇರ ಮುಂದೆ ಗಟ್ಟಿಯಾಗಿ ಕೂತಿದ್ದರೆ, ಹುರಿಯೊಳಗೇ ಇದ್ದರೆ ಕೊಳವೆಗೆ ಹಟ ಹಿಡಿಯಬೇಡಿ. ಹುರಿಯೊಳಗಿನ ಗಡ್ಡೆಗೆ ನಡುಗೆರೆಯಲ್ಲಿ ತೆರೆದು, ಪೂರ್ತಿ ಬೆಳಕಿನಲ್ಲಿ, ಕೈಕಾಲಿನ ನರಗಳ ಸಂಕೇತವನ್ನು ಕ್ಷಣಕ್ಷಣವೂ ನೋಡುತ್ತಾ ಮಾಡುವುದೇ ವಾಡಿಕೆ. ಹುರಿಯ ಬಾಲದ ಹತ್ತಿರ ಬರುವ ಮಿಕ್ಸೋಪ್ಯಾಪಿಲರಿ ಎಪೆಂಡಿಮೋಮಾವನ್ನು ಸಿಪ್ಪೆ ಒಡೆಯದೆ ಇಡಿಯಾಗಿ ತೆಗೆಯಬೇಕು. ಒಡೆದರೆ ಜೀವಕೋಶಗಳು ನೀರಿನಲ್ಲಿ ಚೆಲ್ಲಿ ಬೇರೆಡೆ ಮೊಳೆಯಬಹುದು. ಅಂಥ ಕಡೆ ಕಿರಿದಾದ ಕಿಂಡಿಗಾಗಿ ಗಡ್ಡೆಯನ್ನು ಚೂರು ಮಾಡುವುದು ದುಬಾರಿ ಉಳಿತಾಯ.

ಹರಡಿದ ಕ್ಯಾನ್ಸರ್‌ಗೆ: ಸ್ಕ್ರೂ, ಸ್ವಲ್ಪ ಜಾಗ, ಆಮೇಲೆ ರೇಡಿಯೇಷನ್

ಹೆಚ್ಚಿನ ಮನೆಗಳಲ್ಲಿ ತಲೆ ಬಿಸಿ ಮಾಡುವ ಆಯ್ಕೆ ಇದು.

ಹಿಂದೆ ಹುರಿ ಒತ್ತಿಕೊಂಡರೆ ಮಣಿಯ ಹಿಂಭಾಗದ ಮೂಳೆ ತೆಗೆದು ಬಿಡುತ್ತಿದ್ದರು. ಗಡ್ಡೆ ಇರುವುದು ಹೆಚ್ಚಾಗಿ ಮುಂದೆ, ಮೂಳೆ ತೆಗೆದದ್ದು ಹಿಂದೆ. ಬೆನ್ನು ಇನ್ನಷ್ಟು ಸಡಿಲವಾಗುತ್ತಿತ್ತು, ಅಷ್ಟೇ. ಬರೀ ರೇಡಿಯೇಷನ್ನೇ ವಾಸಿ ಅನ್ನುವ ನಂಬಿಕೆ ಬೆಳೆದದ್ದು ಹಾಗೆ. 2005ರಲ್ಲಿ 101 ರೋಗಿಗಳ ಅಧ್ಯಯನ ಬಂದ ಮೇಲೆ ಲೆಕ್ಕ ಬದಲಾಯಿತು. ಗಡ್ಡೆಯನ್ನು ನೇರವಾಗಿ ತೆಗೆದು, ಬೆನ್ನನ್ನು ಬಿಗಿದು, ಆಮೇಲೆ ರೇಡಿಯೇಷನ್ ಕೊಟ್ಟವರಲ್ಲಿ ಶೇ. 84 ಮಂದಿ ನಡೆಯಬಲ್ಲವರಾದರು. ಬರೀ ರೇಡಿಯೇಷನ್ ಪಡೆದವರಲ್ಲಿ ಶೇ. 57. ಲಿಂಫೋಮಾ, ಮೈಲೋಮಾದಂಥ ಕಿರಣಕ್ಕೆ ಕರಗುವ ಗಡ್ಡೆಗಳನ್ನು ಈ ಅಧ್ಯಯನಕ್ಕೆ ಸೇರಿಸಿರಲಿಲ್ಲ, ಅದನ್ನು ನೆನಪಿಡಬೇಕು. ಅಲ್ಲಿ ಮಾಡಿದ್ದು ತೆರೆದ ಆಪರೇಷನ್ ಅನ್ನುವುದನ್ನೂ.

ಈಗ ದಾರಿ ಇನ್ನೂ ಮುಂದೆ ಬಂದಿದೆ. ಸೂಜಿಮೊನೆಯಷ್ಟು ಗುರಿಯಿಟ್ಟು, ದೊಡ್ಡ ಪ್ರಮಾಣದ ಕಿರಣ ಕೊಡುವ ಎಸ್‌ಬಿಆರ್‌ಟಿ ಬಂದ ಮೇಲೆ ಇಡೀ ಗಡ್ಡೆ ತೆಗೆಯುವ ಅಗತ್ಯ ಕಡಿಮೆಯಾಯಿತು. ಹುರಿ ಮತ್ತು ಗಡ್ಡೆಯ ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಮಾಡಿಕೊಟ್ಟರೆ ಸಾಕು, ಉಳಿದದ್ದನ್ನು ಕಿರಣ ನೋಡಿಕೊಳ್ಳುತ್ತದೆ. ಇದನ್ನು ಸೆಪರೇಷನ್ ಸರ್ಜರಿ ಅನ್ನುತ್ತಾರೆ. ಸ್ಕ್ರೂಗಳನ್ನು ಒಂದೊಂದು ಸಣ್ಣ ರಂಧ್ರದಿಂದ ಇಳಿಸಿ, ಚರ್ಮದಡಿಯಲ್ಲೇ ರಾಡ್ ತೂರಿಸಿ, ಗಡ್ಡೆಯ ಜಾಗದಲ್ಲಿ ಮಾತ್ರ ಪುಟ್ಟದಾಗಿ ತೆರೆಯಬಹುದು. ಮೂಳೆ ಟೊಳ್ಳಾಗಿದ್ದರೆ ಸ್ಕ್ರೂ ಮೂಲಕವೇ ಸಿಮೆಂಟ್ ಹಾಕಿ ಹಿಡಿತ ಕೊಡುತ್ತಾರೆ.

ನನ್ನ ಪ್ರಕಾರ ಸಣ್ಣ ರಂಧ್ರ ನಿಜವಾಗಿ ಗೆಲ್ಲುವುದು ಇಲ್ಲೇ. ಕಾರಣ ನೋವಲ್ಲ, ದಿನಗಳು. ತೆರೆದ ಗಾಯ ಮಾಗುವವರೆಗೆ ರೇಡಿಯೇಷನ್ನಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಕಾಯಬೇಕು, ಕೀಮೋ ಕೂಡ ನಿಲ್ಲುತ್ತದೆ. ಸಣ್ಣ ಗಾಯಗಳಾದರೆ ಬೇಗ ಶುರು ಮಾಡಬಹುದು. ಕ್ಯಾನ್ಸರ್ ಇರುವವರಿಗೆ ಆ ಎರಡು ವಾರ ಸಣ್ಣ ಮಾತಲ್ಲ. ಮೊದಲೇ ರೇಡಿಯೇಷನ್ ಆಗಿರುವ ಚರ್ಮ, ಸ್ಟೀರಾಯ್ಡ್, ಸೊರಗಿದ ಮೈ, ಇವೆಲ್ಲ ಇದ್ದಾಗ ದೊಡ್ಡ ಗಾಯ ಕೂಡದೆ ಕೀವು ಕಟ್ಟುವ ಸಂಭವವೂ ಜಾಸ್ತಿ.

ಕಿಡ್ನಿ ಅಥವಾ ಥೈರಾಯ್ಡ್‌ನಿಂದ ಬಂದ ಗಡ್ಡೆಯಾದರೆ ಒಂದು ಎಚ್ಚರಿಕೆ. ಅವು ರಕ್ತ ತುಂಬಿದ ಸ್ಪಂಜಿನ ಹಾಗೆ. ಆಪರೇಷನ್ನಿಗೆ ಮುಂಚೆ ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ಮಾಡುತ್ತೀರಾ ಅಂತ ಕೇಳಿ. ಕಿರಿದಾದ ಕಿಂಡಿಯಲ್ಲಿ ರಕ್ತ ಉಕ್ಕಿದರೆ ನಿಲ್ಲಿಸುವುದು ಕಷ್ಟ.

ತೆರೆದ ಆಪರೇಷನ್

ಹಳೆಯದು ಅಂತ ಕಡೆಗಣಿಸಬೇಡಿ. ಕಾರ್ಡೋಮಾ, ಕಾಂಡ್ರೋಸಾರ್ಕೋಮಾದಂಥ ಮೂಳೆಯಲ್ಲೇ ಹುಟ್ಟಿದ ಕ್ಯಾನ್ಸರ್‌ಗಳನ್ನು ಸುತ್ತಲಿನ ಆರೋಗ್ಯವಂತ ಅಂಚಿನ ಸಮೇತ ಒಂದೇ ತುಂಡಾಗಿ ತೆಗೆಯಬೇಕು. ಇದು ದಿನವಿಡೀ ನಡೆಯುವ, ರಕ್ತ ಹೆಚ್ಚು ಹೋಗುವ, ತೊಡಕುಗಳಿರುವ ದೊಡ್ಡ ಕೆಲಸ. ಆದರೂ ವಾಸಿಯಾಗುವ ಒಳ್ಳೆಯ ಅವಕಾಶ ಇರುವುದು ಅದರಲ್ಲೇ. ಇಂಥ ಅನುಮಾನವಿದ್ದಾಗ ಪರೀಕ್ಷೆಗೆ ಚೂರು ತೆಗೆಯುವ ಬಯಾಪ್ಸಿ ಸೂಜಿ ಹೋದ ದಾರಿಯನ್ನೂ ಆಮೇಲೆ ಗಡ್ಡೆಯ ಜೊತೆ ತೆಗೆಯಬೇಕಾಗುತ್ತದೆ. ಹಾಗಾಗಿ ಬಯಾಪ್ಸಿಯನ್ನೇ ಆಪರೇಷನ್ ಮಾಡುವ ತಂಡ ಯೋಜಿಸಲಿ. ಆತುರಕ್ಕೆ ಎಲ್ಲೋ ಒಂದು ಕಡೆ ಚುಚ್ಚಿಸಿಕೊಂಡು ಬಂದರೆ ಒಳ್ಳೆಯ ಅವಕಾಶವೇ ಕೈತಪ್ಪಬಹುದು.

ಬರೀ ರೇಡಿಯೇಷನ್

ಮೂಳೆ ಗಟ್ಟಿಯಿದ್ದು, ಹುರಿ ಒತ್ತಿಕೊಳ್ಳದೆ ನೋವು ಮಾತ್ರ ಇದ್ದರೆ ಇದೇ ಮೊದಲ ಆಯ್ಕೆ. ಕಿರಣಕ್ಕೆ ಕರಗುವ ಗಡ್ಡೆಯಾದರೆ ಹುರಿ ಒತ್ತಿಕೊಂಡಿದ್ದರೂ ಇದು ಸಾಕಾಗಬಹುದು. ಮಾಮೂಲಿ ರೇಡಿಯೇಷನ್ ಅಗ್ಗ, ಹೆಚ್ಚು ಕಡೆ ಸಿಗುತ್ತದೆ. ಎಸ್‌ಬಿಆರ್‌ಟಿ ದುಬಾರಿ. 2021ರಲ್ಲಿ ಬಂದ ಹೋಲಿಕೆಯಲ್ಲಿ ಮೂರು ತಿಂಗಳ ಹೊತ್ತಿಗೆ ನೋವು ಪೂರ್ತಿ ಹೋದವರು ಎಸ್‌ಬಿಆರ್‌ಟಿಯಲ್ಲಿ ಶೇ. 35, ಮಾಮೂಲಿಯಲ್ಲಿ ಶೇ. 14. ಆದರೆ ದೊಡ್ಡ ಪ್ರಮಾಣದ ಕಿರಣದಿಂದ ಮಣಿಯೇ ಆಮೇಲೆ ಕುಸಿಯುವುದೂ ಉಂಟು.

ಖರ್ಚಿನ ಮಾತು

ಗಾಯ ಚಿಕ್ಕದಾದರೆ ಬಿಲ್ಲೂ ಚಿಕ್ಕದು ಅಂದುಕೊಳ್ಳಬೇಡಿ. ಆಸ್ಪತ್ರೆಯ ದಿನ ಉಳಿಯುತ್ತದೆ, ರಕ್ತ ಉಳಿಯುತ್ತದೆ. ಆದರೆ ಚರ್ಮದಡಿ ಹಾಕುವ ಸ್ಕ್ರೂ, ಸ್ಕ್ರೂವಿನ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರ, ನರ ಗಮನಿಸುವ ಯಂತ್ರ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಟೈಟೇನಿಯಂ ಬದಲು ಕಾರ್ಬನ್ ಫೈಬರ್ ಸ್ಕ್ರೂ ಹಾಕಿದರೆ ಮುಂದಿನ ಎಂಆರ್‌ಐಗಳಲ್ಲಿ ಚಿತ್ರ ಸ್ವಚ್ಛ, ಕಿರಣದ ಲೆಕ್ಕವೂ ಸುಲಭ, ಬೆಲೆ ಮಾತ್ರ ಏರುತ್ತದೆ. ಮತ್ತೆ ರೇಡಿಯೇಷನ್ ಬೇಡದ ಗಡ್ಡೆಯಾದರೆ ಅಷ್ಟು ಖರ್ಚು ಮಾಡಬೇಕೇ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಕೈ ಬಿಗಿಯಿದ್ದರೆ ನಾನು ನರ ಗಮನಿಸುವ ಯಂತ್ರವನ್ನು ಬಿಡುವುದಿಲ್ಲ, ಕಾರ್ಬನ್ ಫೈಬರ್ ಬಿಡುತ್ತೇನೆ. ಆಪರೇಷನ್ ಖರ್ಚು ಕೇಳುವಾಗ ಆಮೇಲಿನ ರೇಡಿಯೇಷನ್, ಫಿಸಿಯೋಥೆರಪಿ, ವರ್ಷಗಟ್ಟಲೆಯ ಎಂಆರ್‌ಐ, ಎಲ್ಲ ಸೇರಿಸಿ ಕೇಳಿ.

ಡಾಕ್ಟರ ಎದುರು ಕೂತಾಗ

ಸಣ್ಣ ರಂಧ್ರವನ್ನೂ ತೆರೆದ ಆಪರೇಷನ್ನನ್ನೂ ಹೋಲಿಸಿದ ಅಧ್ಯಯನಗಳು ಬಹುಪಾಲು ಹಳೆಯ ಕಡತ ತೆಗೆದು ನೋಡಿದವು. ಯಾರಿಗೆ ಯಾವುದು ಅಂತ ಆರಿಸಿದ್ದು ಡಾಕ್ಟರೇ, ಹಾಗಾಗಿ ಸುಲಭದ ಗಡ್ಡೆಗಳು ಕೊಳವೆಯ ಪಾಲಿಗೆ ಹೋಗಿರುತ್ತವೆ ಅಲ್ವಾ? ಅವುಗಳಲ್ಲಿ ಕಾಣುವುದು ಕಡಿಮೆ ರಕ್ತ, ಕಡಿಮೆ ದಿನ. ಕಾಲಿನ ಬಲ ಮರಳುವ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಕೈ ಯಾರದ್ದು ಅನ್ನುವುದು ದೊಡ್ಡ ವಿಷಯ. ವರ್ಷಕ್ಕೆ ಒಂದೆರಡು ಕೊಳವೆ ಆಪರೇಷನ್ ಮಾಡುವವರಿಗಿಂತ, ತೆರೆದ ಆಪರೇಷನ್‌ನಲ್ಲಿ ಪಳಗಿದವರೇ ನಿಮಗೆ ಒಳ್ಳೆಯದು.

ರಿಪೋರ್ಟ್ ಮಾತ್ರವಲ್ಲ, ಎಂಆರ್‌ಐ ಚಿತ್ರಗಳ ಸಿಡಿಯನ್ನೂ ಒಯ್ಯಿರಿ. ಇಬ್ಬರು ಡಾಕ್ಟರಲ್ಲೂ ಅದೇ ನಾಲ್ಕು ಪ್ರಶ್ನೆ ಕೇಳಿ: ಈ ಗಡ್ಡೆಯನ್ನು ಪೂರ್ತಿ ತೆಗೆಯುವುದು ಗುರಿಯೋ, ಜಾಗ ಮಾಡುವುದೋ, ಬರೀ ಆಧಾರ ಕೊಡುವುದೋ? ಇದೇ ಬಗೆಯದನ್ನು ಕಳೆದ ವರ್ಷ ಎಷ್ಟು ಮಾಡಿದಿರಿ? ಮಧ್ಯದಲ್ಲಿ ಕೊಳವೆ ಸಾಲದಿದ್ದರೆ ತೆರೆಯಲು ಸಿದ್ಧರಿರುತ್ತೀರಾ? ಆಮೇಲಿನ ರೇಡಿಯೇಷನ್ ಯಾವ ದಿನ ಶುರು, ಯಾರು ಕೊಡುತ್ತಾರೆ? ಮೊದಲ ಪ್ರಶ್ನೆಗೆ ಇಬ್ಬರದೂ ಒಂದೇ ಉತ್ತರವಾಗಿದ್ದು ದಾರಿ ಮಾತ್ರ ಬೇರೆಯಾಗಿದ್ದರೆ, ಕೈ ಪಳಗಿದವರನ್ನು, ಖರ್ಚನ್ನು ನೋಡಿ ನೀವೇ ಆರಿಸಬಹುದು. ಮೊದಲ ಪ್ರಶ್ನೆಗೇ ಉತ್ತರ ಬೇರೆಯಾದರೆ ನಿಮ್ಮ ಕೇಸನ್ನು ಟ್ಯೂಮರ್ ಬೋರ್ಡ್ ಮುಂದೆ ಇಡಲು ಕೇಳಿ. ಸರ್ಜನ್, ಕ್ಯಾನ್ಸರ್ ಡಾಕ್ಟರ್, ರೇಡಿಯೇಷನ್ ಡಾಕ್ಟರ್ ಎಲ್ಲರೂ ಒಂದೇ ಎಂಆರ್‌ಐ ಮುಂದೆ ಕೂರುವ ಜಾಗ ಅದು.